ಪವಿತ್ರ ವಾರದ ಜನಪದ ಆಚರಣೆಗಳು (ಕರ್ನಾಟಕ)

ಗರಿಗಳ ಭಾನುವಾರದಿಂದ ಈಸ್ಟರ್ ಭಾನುವಾರದವರೆಗಿನ ಎಂಟು ದಿನಗಳಲ್ಲಿ ಕರ್ನಾಟಕದ ಕ್ರೈಸ್ತ ಸಮುದಾಯಗಳು ಚರ್ಚಿನ ವಿಧಿಬದ್ಧ ಆರಾಧನೆಯ ಜೊತೆಗೆ ತಮ್ಮ ಊರು, ಮನೆ, ಬೆಟ್ಟಗಳಲ್ಲಿ ನಡೆಸಿಕೊಂಡು ಬಂದಿರುವ ಮೆರವಣಿಗೆ, ನಾಟಕ, ವ್ರತ, ಜಾಗರಣೆ ಮತ್ತು ಊಟದ ಪದ್ಧತಿಗಳನ್ನು ಒಟ್ಟಾಗಿ ಪವಿತ್ರ ವಾರದ ಜನಪದ ಆಚರಣೆಗಳು ಎನ್ನಲಾಗುತ್ತದೆ. ಯೇಸುವಿನ ಕೊನೆಯ ಭೋಜನ, ಶಿಲುಬೆಯ ಮರಣ ಮತ್ತು ಪುನರುತ್ಥಾನ ಇವುಗಳ ವಸ್ತು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಕಪಾಲಬೆಟ್ಟದ ಆಸರೆಯಲ್ಲಿ ನಡೆಯುವ ‘ಮಹಿಮೆ’ ಇವುಗಳಲ್ಲಿ ಹೆಸರಾದದ್ದು.

ಕನ್ನಡ ಕಥೋಲಿಕರಲ್ಲಿ ಈಸ್ಟರ್‌ಗೆ ಪಾಸ್ಕ ಹಬ್ಬ ಎಂಬ ಹೆಸರೂ ಬಳಕೆಯಲ್ಲಿದೆ. ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳನ್ನು ತಪಸ್ಸುಕಾಲ ಎನ್ನುತ್ತಾರೆ. ಯೇಸು ಅನುಭವಿಸಿದ ಯಾತನೆಗೆ ಪಾಡು ಎಂಬ ಮಾತಿದೆ. ಈ ಲೇಖನದಲ್ಲಿ ಈ ಪದಗಳನ್ನು ಇದೇ ಅರ್ಥದಲ್ಲಿ ಬಳಸಲಾಗಿದೆ.

ಕಾಲನಿರ್ಣಯ

ಈಸ್ಟರ್ ನಿಶ್ಚಿತ ತಾರೀಖಿನ ಹಬ್ಬವಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯನ್ನು ಹಿಡಿದು, ಆ ಹುಣ್ಣಿಮೆ ಕಳೆದ ಮೊದಲ ಭಾನುವಾರ ಹಬ್ಬವನ್ನು ಆಚರಿಸುತ್ತಾರೆ. ಹೀಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವ ಭಾನುವಾರವಾದರೂ ಬರಬಹುದು. ಎಲ್ಲ ಸಭೆಗಳೂ ಒಂದೇ ಭಾನುವಾರ ಆಚರಿಸಬೇಕೆಂಬ ತೀರ್ಮಾನ 325ರ ನೈಸಿಯ ಮಹಾಸಭೆಯದು. ರೋಮನ್ ಕಥೋಲಿಕರು ಮತ್ತು ಪ್ರಾಟೆಸ್ಟಂಟರು 1582ರಲ್ಲಿ ಪರಿಷ್ಕಾರಗೊಂಡ ಗ್ರೆಗೋರಿಯನ್ ಪಂಚಾಂಗದಂತೆ ಎಣಿಸುತ್ತಾರೆ. ಭಾರತದ ಮಲಂಕರ ಆರ್ಥೊಡಾಕ್ಸ್ ಸಭೆಯೂ ಇದೇ ಲೆಕ್ಕವನ್ನು ಅನುಸರಿಸುತ್ತದೆ.

ಈ ಹುಣ್ಣಿಮೆ ಅನೇಕ ವರ್ಷ ಚೈತ್ರ ಹುಣ್ಣಿಮೆಯೇ ಆಗಿರುತ್ತದೆ. ಆದ್ದರಿಂದ ಬೆಂಗಳೂರಿನ ಧರ್ಮರಾಯಸ್ವಾಮಿ ಕರಗವೂ ಪವಿತ್ರ ವಾರವೂ ಎಷ್ಟೋ ಸಲ ಒಟ್ಟಿಗೆ ಬರುತ್ತವೆ. 2022ರಲ್ಲಿ ಕರಗ ಹೊರಟ ಏಪ್ರಿಲ್ 16 ಪವಿತ್ರ ಶನಿವಾರವಾಗಿತ್ತು. 2023ರಲ್ಲಿ ಕರಗ ಹೊರಟ ಏಪ್ರಿಲ್ 6 ಪವಿತ್ರ ಗುರುವಾರವಾಗಿತ್ತು. ಚಾಂದ್ರಮಾನದ ಅಧಿಕಮಾಸದ ಹೊಂದಾಣಿಕೆಯಿಂದ ಕೆಲವು ವರ್ಷ ಎರಡೂ ದೂರ ಸರಿಯುತ್ತವೆ. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೆ ಬಂದರೆ ಕರಗ ನಡೆದದ್ದು ಏಪ್ರಿಲ್ 23ರಂದು.

ಲೆಕ್ಕದ ಪ್ರಕಾರ ಶುಭ ಶುಕ್ರವಾರ ಹುಣ್ಣಿಮೆಯ ಹಿಂದಿನ ದಿನದಿಂದ ಹುಣ್ಣಿಮೆ ಕಳೆದ ಐದನೆಯ ದಿನದೊಳಗೆ ಬೀಳುತ್ತದೆ. ಅಂದರೆ ಅದು ಎಂದೂ ಅಮಾವಾಸ್ಯೆಯ ಕತ್ತಲಲ್ಲಿ ಬರುವುದಿಲ್ಲ. ವಿದ್ಯುತ್ ಇಲ್ಲದ ಕಾಲದಲ್ಲಿ ಬಯಲಲ್ಲಿ, ಬೆಟ್ಟದಲ್ಲಿ ರಾತ್ರಿ ಆಚರಣೆ ನಡೆಸುವವರಿಗೆ ಇದು ಸಣ್ಣ ಅನುಕೂಲವಲ್ಲ.

ಚರಿತ್ರೆ

ಮೈಸೂರು ಸೀಮೆಯ ಒಳನಾಡಿನಲ್ಲಿ ಕಥೋಲಿಕ ಕೇಂದ್ರಗಳು ಹದಿನೇಳನೆಯ ಶತಮಾನದಲ್ಲಿ ಹುಟ್ಟಿದವು. ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ 1648ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದು, ಸನ್ಯಾಸಿಯ ಉಡುಗೆ ತೊಟ್ಟು, ಕನ್ನಡ ಕಲಿತು ಕೆಲಸ ಮಾಡಿದರು. 1773ರಲ್ಲಿ ರೋಮ್ ಯೇಸುಸಭೆಯನ್ನು ರದ್ದುಮಾಡಿದ ಮೇಲೆ ಈ ಸೀಮೆ ಕ್ರಮೇಣ ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಫ್ರೆಂಚ್ ಪಾದ್ರಿಗಳ ಕೈಗೆ ಬಂತು. ಅವರಲ್ಲಿ ಪ್ರಸಿದ್ಧರಾದ ಅಬ್ಬೆ ದ್ಯುಬುವಾ 1799ರ ನಂತರ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಹಾಸನದ ಸಮೀಪದ ಸಾತಹಳ್ಳಿಯಲ್ಲಿ ಅವರಿಗಾಗಿ ಕೃಷಿ ನೆಲೆಯನ್ನು ಕಟ್ಟಿದರು. ಕೊಡಗಿನ ವಿರಾಜಪೇಟೆಯಲ್ಲಿ ದೊಡ್ಡ ವೀರರಾಜೇಂದ್ರನ ಆಶ್ರಯದಲ್ಲಿ 1792ರಲ್ಲಿ ಸಂತ ಅನ್ನಮ್ಮನವರ ಚರ್ಚು ನೆಲೆಗೊಂಡಿತು. ಕರಾವಳಿಯ ಕೊಂಕಣಿ ಕಥೋಲಿಕರ ಪರಂಪರೆ ಬೇರೆ. ಅದು ಗೋವಾದಿಂದ, ಪೋರ್ಚುಗೀಸ್ ಪದ್ಧತಿಗಳನ್ನು ಹೊತ್ತು ಬಂದದ್ದು.

ಜನಪದ ಆಚರಣೆಗಳು ಇಷ್ಟು ಬಲವಾಗಿ ಬೆಳೆದದ್ದಕ್ಕೆ ಚರ್ಚಿನ ಅಂದಿನ ವೇಳಾಪಟ್ಟಿಯೂ ಒಂದು ಕಾರಣ. ಆಗ ಆರಾಧನೆ ಲ್ಯಾಟಿನ್ ಭಾಷೆಯಲ್ಲಿತ್ತು. ಗುರುವಾರ, ಶುಕ್ರವಾರ, ಶನಿವಾರದ ವಿಧಿಗಳು ಬೆಳಗಿನ ಹೊತ್ತೇ ಮುಗಿಯುತ್ತಿದ್ದವು. ‘ಜಾಗರಣೆ’ ಎಂದು ಹೆಸರಿದ್ದ ಪಾಸ್ಕದ ವಿಧಿ ಕೂಡ ಶನಿವಾರ ಬೆಳಿಗ್ಗೆ ನಡೆದುಹೋಗುತ್ತಿತ್ತು. ಹೀಗೆ ಮಧ್ಯಾಹ್ನ ಮತ್ತು ರಾತ್ರಿ ಭಕ್ತರ ಪಾಲಿಗೆ ಉಳಿದವು. ಆ ಹೊತ್ತನ್ನು ಅವರು ತಮ್ಮ ಮಾತಿನಲ್ಲಿ, ತಮ್ಮ ಹಾಡಿನಲ್ಲಿ ತುಂಬಿಕೊಂಡರು. ಹನ್ನೆರಡನೆಯ ಪಿಯುಸ್ ಜಗದ್ಗುರುಗಳು (ಪೋಪ್) 1955ರಲ್ಲಿ ಪವಿತ್ರ ವಾರವನ್ನು ಪರಿಷ್ಕರಿಸಿದಾಗ ಗುರುವಾರದ ವಿಧಿ ಸಂಜೆಗೆ, ಶುಕ್ರವಾರದ್ದು ಮಧ್ಯಾಹ್ನಕ್ಕೆ, ಶನಿವಾರದ್ದು ರಾತ್ರಿಗೆ ಮರಳಿದವು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಆರಾಧನಾ ಸಂವಿಧಾನ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಇದರಿಂದ ಜನಪದ ಆಚರಣೆಗಳು ಕರಗಿಹೋಗಲಿಲ್ಲ, ಚರ್ಚಿನ ವಿಧಿಯ ಹಿಂದೆ ಮುಂದೆ ಹೊಸ ಜಾಗ ಮಾಡಿಕೊಂಡವು.

ವಾರದ ಕ್ರಮ

ತಪಸ್ಸುಕಾಲ ಬೂದಿ ಬುಧವಾರದಿಂದ ಮೊದಲಾಗುತ್ತದೆ. ಅಂದು ಹಣೆಗೆ ಹಚ್ಚುವ ಬೂದಿ ಹಿಂದಿನ ವರ್ಷದ ಗರಿಗಳ ಭಾನುವಾರದಲ್ಲಿ ಆಶೀರ್ವದಿಸಿದ ಗರಿಗಳದು. ಮನೆಗೆ ಒಯ್ದ ಗರಿಯನ್ನು ಬಿಸಾಡುವ ಪದ್ಧತಿಯಿಲ್ಲ. ಅದು ವರ್ಷವಿಡೀ ದೇವರ ಪಟದ ಹಿಂದೆ, ಬಾಗಿಲ ಮೇಲೆ ಸಿಕ್ಕಿಸಿದಲ್ಲೇ ಒಣಗುತ್ತದೆ. ತಪಸ್ಸುಕಾಲ ಹತ್ತಿರ ಬಂದಾಗ ಚರ್ಚಿಗೆ ಹಿಂತಿರುಗಿ, ಸುಟ್ಟು ಬೂದಿಯಾಗುತ್ತದೆ.

ಗರಿಗಳ ಭಾನುವಾರ ಯೇಸು ಜೆರುಸಲೇಮನ್ನು ಪ್ರವೇಶಿಸಿದ ನೆನಪಿನ ದಿನ. ಕರ್ನಾಟಕದಲ್ಲಿ ಹೆಚ್ಚಾಗಿ ಬಳಸುವುದು ಎಳೆಯ ತೆಂಗಿನ ಗರಿ. ನಡುವಿನ ಕಡ್ಡಿ ತೆಗೆದು, ಎರಡು ಸೀಳನ್ನು ಒಂದರೊಳಗೊಂದು ತೂರಿಸಿ, ಮಡಿಸಿ ಬಿಗಿದರೆ ಅಂಗೈಯಗಲದ ಶಿಲುಬೆ ಸಿದ್ಧವಾಗುತ್ತದೆ. ಅಂಟು, ದಾರ ಯಾವುದೂ ಬೇಡ. ಮೆರವಣಿಗೆ ಮುಗಿಯುವ ಹೊತ್ತಿಗೆ ಹಿರಿಯರ ಕೈ ನೋಡಿ ಮಕ್ಕಳೂ ಇದನ್ನು ಕಲಿತಿರುತ್ತಾರೆ.

ಪವಿತ್ರ ಗುರುವಾರ ಸಂಜೆಯ ಬಲಿಪೂಜೆಯಲ್ಲಿ ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. 2016ರ ಜನವರಿಯವರೆಗೂ ನಿಯಮದ ಪ್ರಕಾರ ಇವರು ಗಂಡಸರೇ ಆಗಿರಬೇಕಿತ್ತು. ಫ್ರಾನ್ಸಿಸ್ ಜಗದ್ಗುರುಗಳ ಆದೇಶದ ನಂತರ ಹೆಂಗಸರನ್ನೂ ಆರಿಸಬಹುದು. ಇದೇ ಪೂಜೆಯ ಮಹಿಮಾಗೀತೆಯ ಹೊತ್ತಿಗೆ ಗಂಟೆಗಳನ್ನು ಬಾರಿಸುತ್ತಾರೆ. ಆಮೇಲೆ ಶನಿವಾರ ರಾತ್ರಿಯ ಮಹಿಮಾಗೀತೆಯವರೆಗೆ ಚರ್ಚಿನ ಯಾವ ಗಂಟೆಯೂ ಮೊಳಗುವುದಿಲ್ಲ. ಗಂಟೆಯ ಬದಲು ಮರದ ಹಲಗೆಗೆ ಬಡಿಗೆ ಕೂರಿಸಿದ ಸಾಧನವೊಂದನ್ನು ಆಡಿಸುತ್ತಾರೆ. ಅದರ ಕಟಕಟ ಸದ್ದಿಗೆ ಜನ ಸೇರುತ್ತಾರೆ. ಗೋವಾ ಮೂಲದ ಸಮುದಾಯಗಳಲ್ಲಿ ಇದಕ್ಕೆ ಮಾತ್ರಾಕ್ ಎಂದು ಹೆಸರು. ಪೂಜೆಯ ಕೊನೆಗೆ ಬಲಿಪೀಠದ ಬಟ್ಟೆಯನ್ನು ತೆಗೆದು ಬರಿದುಮಾಡಿ, ಪರಮಪ್ರಸಾದವನ್ನು ಬೇರೊಂದು ಪೀಠಕ್ಕೆ ಒಯ್ದು, ಅದರೆದುರು ಪಾಳಿಯಂತೆ ಜಾಗರಣೆ ಕೂರುತ್ತಾರೆ.

ಶುಭ ಶುಕ್ರವಾರ ಬಲಿಪೂಜೆ ಇರುವುದಿಲ್ಲ. ಪಾಡಿನ ವಾಚನ, ಶಿಲುಬೆಯ ಆರಾಧನೆ ಮತ್ತು ಪರಮಪ್ರಸಾದ ಸ್ವೀಕಾರ ಅಂದಿನ ವಿಧಿ. ಶಿಲುಬೆಯನ್ನು ಮುತ್ತಿಡಲು ಜನ ಸಾಲುಗಟ್ಟುತ್ತಾರೆ. ಚರ್ಚಿನ ವಿಧಿ ಮುಗಿದ ಮೇಲೆ ಯೇಸುವಿನ ಶವದ ಪ್ರತಿಮೆಯನ್ನು ಹೊತ್ತು, ಹಿಂದೆ ವ್ಯಾಕುಲಮಾತೆಯ ಪ್ರತಿಮೆಯನ್ನು ನಡೆಸುವ ಮೆರವಣಿಗೆ ಅನೇಕ ಕಡೆ ಇದೆ. ಸಾವಿನ ಮನೆಯ ಮರ್ಯಾದೆಯೇ ಇಲ್ಲಿಯ ಮರ್ಯಾದೆ.

ಶನಿವಾರ ರಾತ್ರಿ ಚರ್ಚಿನ ಹೊರಗೆ ಹೊಸ ಬೆಂಕಿ ಹೊತ್ತಿಸುತ್ತಾರೆ. ಆ ಬೆಂಕಿಯಿಂದ ಪಾಸ್ಕದ ದೊಡ್ಡ ಮೇಣದ ಬತ್ತಿಯನ್ನು ಬೆಳಗಿಸುತ್ತಾರೆ. ಬತ್ತಿಯ ಮೇಲೆ ಶಿಲುಬೆ, ಗ್ರೀಕ್ ವರ್ಣಮಾಲೆಯ ಮೊದಲ ಮತ್ತು ಕೊನೆಯ ಅಕ್ಷರ, ಆ ವರ್ಷದ ನಾಲ್ಕು ಅಂಕಿ ಇರುತ್ತವೆ. ಯೇಸುವಿನ ಐದು ಗಾಯಗಳ ಗುರುತಾಗಿ ಐದು ಧೂಪದ ಕಾಳುಗಳನ್ನು ಚುಚ್ಚುತ್ತಾರೆ. ದೀಪವಾರಿಸಿದ ಚರ್ಚಿನೊಳಗೆ ಆ ಒಂದು ಬತ್ತಿಯಿಂದ ನೂರಾರು ಬತ್ತಿಗಳು ಹತ್ತಿಕೊಳ್ಳುತ್ತವೆ. ಅಂದು ಆಶೀರ್ವದಿಸಿದ ನೀರನ್ನು ಜನ ಸೀಸೆಗಳಲ್ಲಿ ತುಂಬಿಕೊಂಡು ಮನೆಗೆ ಒಯ್ದು ಚಿಮುಕಿಸುತ್ತಾರೆ.

ಶಿಲುಬೆ ಹಾದಿ

ಪಿಲಾತನ ತೀರ್ಪಿನಿಂದ ಸಮಾಧಿಯವರೆಗಿನ ಘಟನೆಗಳನ್ನು ಹದಿನಾಲ್ಕು ಸ್ಥಳಗಳಾಗಿ ವಿಂಗಡಿಸಿ, ಒಂದೊಂದರಲ್ಲೂ ನಿಂತು ಪ್ರಾರ್ಥಿಸುತ್ತ ಸಾಗುವುದು ಶಿಲುಬೆ ಹಾದಿ. ಜೆರುಸಲೇಮಿಗೆ ಹೋಗಲಾಗದವರಿಗೆ ಆ ಯಾತ್ರೆಯನ್ನು ಅವರವರ ಊರಿಗೇ ತಂದುಕೊಟ್ಟವರು ಫ್ರಾನ್ಸಿಸ್ಕನ್ ಸನ್ಯಾಸಿಗಳು. ಸ್ಥಳಗಳ ಸಂಖ್ಯೆಯನ್ನು ಹದಿನಾಲ್ಕಕ್ಕೆ ನಿಲ್ಲಿಸಿದ್ದು 1731ರಲ್ಲಿ, ಹನ್ನೆರಡನೆಯ ಕ್ಲೆಮೆಂಟ್ ಜಗದ್ಗುರುಗಳ ಕಾಲದಲ್ಲಿ. ಇವುಗಳಲ್ಲಿ ಕೆಲವು ಶುಭಸಂದೇಶದಲ್ಲಿಲ್ಲ. ಯೇಸು ಮೂರು ಸಲ ಬೀಳುವುದು, ವೆರೋನಿಕ ತನ್ನ ವಸ್ತ್ರದಿಂದ ಅವನ ಮುಖ ಒರೆಸುವುದು ಜನರ ಭಕ್ತಿಯಿಂದ ಸೇರಿದ ಪ್ರಸಂಗಗಳು. ನೋಡುವವರ ಕಣ್ಣು ಹೆಚ್ಚು ಒದ್ದೆಯಾಗುವುದು ಇಂಥ ಸ್ಥಳಗಳಲ್ಲೇ.

ಚರ್ಚಿನ ಗೋಡೆಯ ಮೇಲಿನ ಹದಿನಾಲ್ಕು ಚಿತ್ರಗಳ ಮುಂದೆ ನಡೆಯುವುದು ಇದರ ಸರಳ ರೂಪ. ಬೀದಿಯಲ್ಲಿ ಮರದ ಶಿಲುಬೆಯನ್ನು ಸರದಿಯಂತೆ ಹೊರುತ್ತ ಹೋಗುವುದು ಎರಡನೆಯದು. ಭಕ್ತರೇ ವೇಷ ಕಟ್ಟಿ ಒಂದೊಂದು ಸ್ಥಳವನ್ನೂ ಅಭಿನಯಿಸಿ ತೋರಿಸುವ ಜೀವಂತ ಶಿಲುಬೆ ಹಾದಿ ಮೂರನೆಯದು. ಇದರಲ್ಲಿ ಕೆಂಪು ಮೇಲುಹೊದಿಕೆಯ ರೋಮನ್ ಸೈನಿಕರು, ದಾರಿಯಲ್ಲಿ ಅಳುವ ಜೆರುಸಲೇಮಿನ ಹೆಂಗಸರು, ಒತ್ತಾಯಕ್ಕೆ ಸಿಕ್ಕು ಶಿಲುಬೆಗೆ ಹೆಗಲು ಕೊಡುವ ಸಿರೇನಿನ ಸಿಮೋನ ಇರುತ್ತಾರೆ. ನೋಡುವ ಜನ ಒಂದೆಡೆ ಕೂರುವುದಿಲ್ಲ. ಪಾತ್ರಗಳ ಜೊತೆಗೇ ನಡೆಯುತ್ತಾರೆ.

ಬೆಟ್ಟವಿರುವ ಕಡೆ ಈ ಹಾದಿ ಬೆಟ್ಟ ಹತ್ತುತ್ತದೆ. ಕೇರಳದ 609 ಮೀಟರ್ ಎತ್ತರದ ಮಲಯಾಟ್ಟೂರು ಬೆಟ್ಟಕ್ಕೆ ತಪಸ್ಸುಕಾಲದಲ್ಲಿ ಭಕ್ತರು ಶಿಲುಬೆ ಹೊತ್ತು ಹತ್ತುವುದು ಇದರ ದೊಡ್ಡ ಉದಾಹರಣೆ. ಕರ್ನಾಟಕದಲ್ಲಿ ಆ ಸ್ಥಾನ ಕಪಾಲಬೆಟ್ಟದ್ದು.

ಹಾರೋಬೆಲೆಯ ಮಹಿಮೆ

ಹಾರೋಬೆಲೆ ಈಗಿನ ಬೆಂಗಳೂರು ದಕ್ಷಿಣ, ಹಿಂದಿನ ರಾಮನಗರ ಜಿಲ್ಲೆಯ ಕನಕಪುರ ತಾಲ್ಲೂಕಿನ ಹಳ್ಳಿ. ಅರ್ಕಾವತಿ ನದಿಗೆ ಕಟ್ಟಿದ ಜಲಾಶಯದಿಂದಲೂ ಇದರ ಹೆಸರು ಪರಿಚಿತ. ಊರಿನ ಬಹುಪಾಲು ಜನ ಕನ್ನಡ ಮಾತನಾಡುವ ಕಥೋಲಿಕರು, ಕೃಷಿಯನ್ನು ನಂಬಿದವರು. ಊರಿನ ಪಕ್ಕದ ಬಂಡೆಗಳ ಗುಡ್ಡಕ್ಕೆ ಕಪಾಲಬೆಟ್ಟ ಎಂದು ಹೆಸರು. ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಎಂಬ ಹೆಸರಿಗೂ ಶುಭಸಂದೇಶ ಕೊಡುವ ಅರ್ಥ ಕಪಾಲಸ್ಥಳ ಎಂದೇ. ಬೆಟ್ಟದ ಮೇಲೆ ಶಿಲುಬೆಗಳಿವೆ. ತಪಸ್ಸುಕಾಲದಲ್ಲಿ ಸುತ್ತಣ ಊರುಗಳವರೂ ಬೆಂಗಳೂರಿನವರೂ ಇಲ್ಲಿ ಶಿಲುಬೆ ಹಾದಿ ನಡೆಯುತ್ತಾರೆ.

ಮಹಿಮೆ ಇಲ್ಲಿ ಪವಿತ್ರ ವಾರದಲ್ಲಿ ಆಡುವ ಯೇಸುವಿನ ಪಾಡಿನ ನಾಟಕ. ಇದು ಶತಮಾನಕ್ಕೂ ಹೆಚ್ಚು ಹಳೆಯದು. ಪಾತ್ರಧಾರಿಗಳು ಊರಿನವರೇ. ಭಾಷೆ ಕನ್ನಡ, ರಂಗ ಬಯಲು. ವಸ್ತು ಬೈಬಲ್ಲಿನದಾದರೂ ಬಯಲಲ್ಲಿ ಜನಸ್ತೋಮದ ನಡುವೆ ಆಡುವ, ಊರೇ ಕೈಜೋಡಿಸಿ ನಡೆಸುವ ಈ ರೀತಿ ಹಳೆ ಮೈಸೂರು ಸೀಮೆಯ ಹಳ್ಳಿಗಳಿಗೆ ಹೊಸದಲ್ಲ. ಹಬ್ಬಕ್ಕೆಂದು ಊರವರು ಕೂಡಿ ಪೌರಾಣಿಕ ನಾಟಕ ಕಟ್ಟುವ ವಾಡಿಕೆ ಈ ಸೀಮೆಯ ಎಲ್ಲ ಜಾತಿಮತಗಳಲ್ಲೂ ಇದೆ. ಕುರುಕ್ಷೇತ್ರ ಆಡುವ ಹಳ್ಳಿಗಳ ನೆರೆಯಲ್ಲೇ ಮಹಿಮೆ ಬೆಳೆದು ಬಂದಿದೆ ಎಂಬುದನ್ನು ಬಿಟ್ಟು ಇದನ್ನು ಅರ್ಥಮಾಡಿಕೊಳ್ಳಲಾಗದು.

ಪಾಡಿನ ನಾಟಕಕ್ಕೆ ಲೋಕದಲ್ಲಿ ಅನೇಕ ಒಡಹುಟ್ಟುಗಳಿವೆ. ಜರ್ಮನಿಯ ಬವೇರಿಯಾ ಬೆಟ್ಟಸೀಮೆಯ ಒಬರ್‌ಅಮ್ಮರ್‌ಗೌ ಊರಿನವರು 1633ರಲ್ಲಿ ಪ್ಲೇಗಿನಿಂದ ಪಾರಾದರೆ ಪಾಡಿನ ನಾಟಕ ಆಡುತ್ತೇವೆಂದು ಹರಕೆ ಹೊತ್ತು, 1634ರಲ್ಲಿ ಮೊದಲ ಸಲ ಆಡಿದರು. ಅಲ್ಲಿ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಪ್ರದರ್ಶನ. 2020ರದ್ದು ಕೋವಿಡ್ ಕಾರಣ 2022ಕ್ಕೆ ಹೋಯಿತು. ಆ ಊರಲ್ಲಿ ಹುಟ್ಟಿದವರಿಗೆ ಅಥವಾ ಇಪ್ಪತ್ತು ವರ್ಷ ಬಾಳಿದವರಿಗೆ ಮಾತ್ರ ಪಾತ್ರ ಸಿಗುತ್ತದೆ. ಶ್ರೀಲಂಕಾದ ನೆಗೊಂಬೊ ಸಮೀಪದ ದೂವದಲ್ಲಿ ಹಿಂದೆ ಬೊಂಬೆಗಳಿಂದ ಪಾಡನ್ನು ತೋರಿಸುತ್ತಿದ್ದರು. ತಮಿಳು ಕಥೋಲಿಕರಲ್ಲಿ ಪಾಸ್ಕು ನಾಟಕಗಳಿವೆ. ಒಬರ್‌ಅಮ್ಮರ್‌ಗೌ ಇಂದು ಟಿಕೆಟ್ ಕೊಂಡು ನೋಡುವ ದೊಡ್ಡ ರಂಗಪ್ರದರ್ಶನವಾಗಿದೆ. ಮಹಿಮೆ ಮಾತ್ರ ಹಬ್ಬದ ವಾರದೊಳಗೇ, ವರ್ಷ ವರ್ಷವೂ ನಡೆಯುವ ಭಕ್ತಿಕಾರ್ಯವಾಗಿ ಉಳಿದಿದೆ. ಎರಡರ ನಡುವಿನ ಮುಖ್ಯ ವ್ಯತ್ಯಾಸ ಇದೇ.

ಮನೆಯ ಆಚರಣೆ ಮತ್ತು ಊಟ

ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಕಥೋಲಿಕರಿಗೆ ಕಡ್ಡಾಯ ಉಪವಾಸದ ದಿನಗಳು: ಒಂದು ಹೊತ್ತಿನ ಪೂರ್ಣ ಊಟ, ಮಾಂಸ ವರ್ಜ್ಯ. ಆಚಾರವಂತರು ತಪಸ್ಸುಕಾಲವಿಡೀ ಮಾಂಸ ಮುಟ್ಟುವುದಿಲ್ಲ. ಮದುವೆ ಮುಂತಾದ ಶುಭಕಾರ್ಯಗಳನ್ನೂ ಇಟ್ಟುಕೊಳ್ಳುವುದಿಲ್ಲ. ಕರಾವಳಿಯಲ್ಲಿ ಶುಕ್ರವಾರ ಗಂಜಿಯೂಟದ ವಾಡಿಕೆ ಇದೆ. ಭಾನುವಾರ ಅದೇ ಮನೆಗಳಲ್ಲಿ ಸಣ್ಣಾಂ ಮತ್ತು ಹಂದಿಮಾಂಸದ ಬಾಫತ್ ಬೇಯುತ್ತದೆ. ಒಳನಾಡಿನ ಹಳ್ಳಿಗಳಲ್ಲಿ ಹಬ್ಬ ಬಾಡೂಟದಿಂದ ಮುಗಿಯುತ್ತದೆ.

ಮಲೆನಾಡು ಮತ್ತು ದಕ್ಷಿಣ ಕನ್ನಡದಲ್ಲಿ ನೆಲೆಸಿದ ಕೇರಳ ಮೂಲದ ಸಿರಿಯನ್ ಕ್ರೈಸ್ತರು ಗುರುವಾರ ರಾತ್ರಿ ಪೆಸಹಾ ಅಪ್ಪ ಮಾಡುತ್ತಾರೆ. ಅಕ್ಕಿ, ಉದ್ದು, ತೆಂಗಿನಕಾಯಿ ಸೇರಿಸಿ ರುಬ್ಬಿ, ಹುದುಗು ಬರಿಸದೆ ಹಬೆಯಲ್ಲಿ ಬೇಯಿಸಿದ ಅಪ್ಪದ ಮೇಲೆ ಗರಿಗಳ ಭಾನುವಾರದ ಗರಿಯಿಂದ ಶಿಲುಬೆ ಇಡುತ್ತಾರೆ. ಜೊತೆಗೆ ಬೆಲ್ಲ, ತೆಂಗಿನ ಹಾಲಿನ ಪಾನಕ. ಪ್ರಾರ್ಥನೆಯ ನಂತರ ಮನೆಯ ಹಿರಿಯರು ಅಪ್ಪವನ್ನು ಮುರಿದು ವಯಸ್ಸಿನ ಕ್ರಮದಲ್ಲಿ ಹಂಚುತ್ತಾರೆ. ಆ ವರ್ಷ ಸಾವಾದ ಮನೆಯಲ್ಲಿ ಇದನ್ನು ಮಾಡುವುದಿಲ್ಲ. ನೆಂಟರು, ನೆರೆಯವರು ತಂದುಕೊಡುತ್ತಾರೆ. ಶುಕ್ರವಾರದ ವಿಧಿಯ ನಂತರ ಹಾಗಲಕಾಯಿಯ ರಸದಂಥ ಕಹಿನೀರನ್ನು ಒಂದು ಗುಟುಕು ಕುಡಿಯುವುದೂ ಇವರ ಪದ್ಧತಿ. ಶಿಲುಬೆಯ ಮೇಲೆ ಯೇಸುವಿಗೆ ಕೊಟ್ಟ ಹುಳಿರಸದ ನೆನಪದು.

ಪ್ರಾಟೆಸ್ಟಂಟ್ ಸಭೆಗಳಲ್ಲಿ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮತ್ತು ಇತರ ಮಿಷನ್‌ಗಳ ಪರಂಪರೆಯ ಸಭೆಗಳು ಇಂದು ಬಹುಪಾಲು, 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿವೆ. ಇಲ್ಲಿ ಪ್ರತಿಮೆಯ ಮೆರವಣಿಗೆ, ಅಭಿನಯಗಳಿಗೆ ಪ್ರಾಧಾನ್ಯವಿಲ್ಲ. ವಾಕ್ಯ ಮತ್ತು ಹಾಡು ಮುಖ್ಯ. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತುಗಳ ಮೇಲೆ ಪ್ರಸಂಗ ನಡೆಯುತ್ತದೆ. ಪೆರುವಿನ ಲಿಮಾ ನಗರದ ಯೇಸುಸಭೆಯವರಲ್ಲಿ ಹದಿನೇಳನೆಯ ಶತಮಾನದಲ್ಲಿ ಹುಟ್ಟಿದ ಈ ಕ್ರಮ ಮತಪಂಥಗಳ ಗಡಿ ದಾಟಿ ಕನ್ನಡ ಪ್ರಾಟೆಸ್ಟಂಟರವರೆಗೆ ಬಂದಿದೆ. ಈಸ್ಟರ್ ದಿನ ಸೂರ್ಯೋದಯಕ್ಕೆ ಮುಂಚಿನ ಆರಾಧನೆಯೂ ಈ ಸಭೆಗಳಲ್ಲಿ ರೂಢಿಯಲ್ಲಿದೆ.

ಉತ್ತರ ಬೆಂಗಳೂರಿನಲ್ಲಿ

ವಿದ್ಯಾರಣ್ಯಪುರ, ಜಾಲಹಳ್ಳಿ, ಯಲಹಂಕ, ಹೆಬ್ಬಾಳದ ಇಂದಿನ ಕ್ರೈಸ್ತ ವಸತಿ ಬಹುಮಟ್ಟಿಗೆ ಕಾರ್ಖಾನೆಗಳ ಬೆನ್ನಿಗೆ ಬೆಳೆದದ್ದು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿಯ ಸುತ್ತ ನೆಲೆಯೂರಿದಾಗ ಕೇರಳ, ತಮಿಳುನಾಡು, ಮಂಗಳೂರು ಹಾಗೂ ಹಳೆ ಮೈಸೂರಿನ ಹಳ್ಳಿಗಳಿಂದ ನೌಕರರು ಬಂದರು. ಅವರ ಜೊತೆ ಅವರವರ ಪವಿತ್ರ ವಾರವೂ ಬಂತು. ಹೀಗಾಗಿ ಈ ಬಡಾವಣೆಗಳಲ್ಲಿ ಒಂದು ಬೀದಿಯ ಒಂದು ಮನೆಯಲ್ಲಿ ಪೆಸಹಾ ಅಪ್ಪ, ಇನ್ನೊಂದರಲ್ಲಿ ಶುಕ್ರವಾರದ ಗಂಜಿ ಕಾಣಬಹುದು. ನಗರದ ಚರ್ಚುಗಳು ಕನ್ನಡ, ತಮಿಳು, ಮಲಯಾಳ, ಕೊಂಕಣಿ, ಇಂಗ್ಲಿಷ್ ಆರಾಧನೆಗಳಿಗೆ ಹೊತ್ತು ಹಂಚುತ್ತವೆ. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದ ಸ್ಥಾನಕ್ಕಾಗಿ ಕನ್ನಡ ಕಥೋಲಿಕರು ದಶಕಗಳ ಕಾಲ ಹೋರಾಡಿದ್ದಾರೆ. ಪವಿತ್ರ ವಾರದಂಥ ದಟ್ಟಣೆಯ ದಿನಗಳಲ್ಲಿ ಯಾವ ಭಾಷೆಗೆ ಯಾವ ಹೊತ್ತು ಎಂಬುದು ಆ ಪ್ರಶ್ನೆಯ ಭಾಗವೇ.

ಬೆಟ್ಟವಿಲ್ಲದ ಬಡಾವಣೆಯಲ್ಲಿ ಶಿಲುಬೆ ಹಾದಿ ಚರ್ಚಿನ ಆವರಣದಲ್ಲೋ ಬೀದಿಯಲ್ಲೋ ನಡೆಯುತ್ತದೆ. ಬೆಟ್ಟ ಬೇಕೆನ್ನುವವರು ತಪಸ್ಸುಕಾಲದ ಯಾವುದಾದರೂ ದಿನ ವಾಹನ ಮಾಡಿಕೊಂಡು ಕಪಾಲಬೆಟ್ಟಕ್ಕೆ ಹೋಗಿಬರುತ್ತಾರೆ. ನಗರದ ಬೇಕರಿಗಳು ಶುಕ್ರವಾರಕ್ಕೆ ಶಿಲುಬೆ ಗುರುತಿನ ಬನ್ನು, ಭಾನುವಾರಕ್ಕೆ ಮಾರ್ಜಿಪಾನ್ ಮತ್ತು ಚಾಕೊಲೇಟಿನ ಈಸ್ಟರ್ ಮೊಟ್ಟೆ ಮಾಡುತ್ತವೆ. ಇದು ಬ್ರಿಟಿಷ್ ದಂಡಿನ ಪ್ರದೇಶದಿಂದ ಉಳಿದು ಬಂದ ರುಚಿ.

ಇಂದಿನ ಸ್ಥಿತಿ

2020ರ ಈಸ್ಟರ್ ಏಪ್ರಿಲ್ 12ರಂದು, ಲಾಕ್‌ಡೌನ್ ನಡುವೆ ಬಂತು. ಚರ್ಚುಗಳು ಮುಚ್ಚಿದ್ದವು, ಮೆರವಣಿಗೆಗೂ ನಾಟಕಕ್ಕೂ ಅವಕಾಶವಿರಲಿಲ್ಲ. ವಿಧಿಗಳನ್ನು ಅಂತರ್ಜಾಲದಲ್ಲಿ ನೇರಪ್ರಸಾರ ಮಾಡುವ ರೂಢಿ ಆಗ ಬಲಗೊಂಡು ಈಗಲೂ ಮುಂದುವರಿದಿದೆ. ಮನೆಯಿಂದ ಹೊರಡಲಾಗದ ವೃದ್ಧರಿಗೆ ಇದು ನಿಜವಾದ ಉಪಕಾರ. ಶಿಲುಬೆ ಹಾದಿ ಮಾತ್ರ ಕಾಲ್ನಡಿಗೆಯ ಭಕ್ತಿ. ತೆರೆಯ ಮೇಲೆ ಅದರ ಮುಖ್ಯ ಭಾಗವೇ ತಪ್ಪಿಹೋಗುತ್ತದೆ.

ಕಪಾಲಬೆಟ್ಟ ಇದಕ್ಕೂ ಸ್ವಲ್ಪ ಮುಂಚೆ ರಾಜ್ಯದ ಸುದ್ದಿಯಾಗಿತ್ತು. 2019ರ ಡಿಸೆಂಬರ್ 25ರಂದು ಅಲ್ಲಿ 114 ಅಡಿಯ ಯೇಸು ಪ್ರತಿಮೆಗೆ ಆಗಿನ ಕನಕಪುರದ ಶಾಸಕ ಡಿ.ಕೆ. ಶಿವಕುಮಾರ್ ಅಡಿಗಲ್ಲು ಹಾಕಿದರು. ಅದು ಮುನೇಶ್ವರನ ಬೆಟ್ಟವೆಂದು ವಾದಿಸಿ, ಸರ್ಕಾರಿ ಜಮೀನು ಕೊಟ್ಟ ಕ್ರಮವನ್ನು ಪ್ರಶ್ನಿಸಿ ಹಿಂದೂ ಸಂಘಟನೆಗಳು 2020ರ ಜನವರಿ 13ರಂದು ಕನಕಪುರ ಚಲೋ ನಡೆಸಿದವು. ಪ್ರತಿಮೆಯ ಕೆಲಸ ನಿಂತಿತು. ಈ ವಿವಾದದ ಸುದ್ದಿಗಳಲ್ಲಿ ಮಹಿಮೆಗೆ ಸಿಕ್ಕಿದ್ದು ಹೆಚ್ಚೆಂದರೆ ಒಂದೆರಡು ಸಾಲು. ಬೆಟ್ಟದ ಆಚರಣೆ ಪ್ರತಿಮೆಗಿಂತ ಬಹಳ ಹಳೆಯದು, ಪ್ರತಿಮೆಯ ಮೇಲೆ ನಿಂತದ್ದೂ ಅಲ್ಲ.

ಯಕ್ಷಗಾನ, ಮೂಡಲಪಾಯ, ಸಣ್ಣಾಟಗಳ ಬಗ್ಗೆ ಕನ್ನಡ ಜಾನಪದ ಅಧ್ಯಯನ ಮಾಡಿರುವ ವಿಸ್ತಾರದ ಕೆಲಸದೊಂದಿಗೆ ಹೋಲಿಸಿದರೆ ಕನ್ನಡ ಕ್ರೈಸ್ತರ ಪಾಡಿನ ನಾಟಕ, ಹಾಡು, ಹಬ್ಬದೂಟಗಳಿಗೆ ಸಂದ ಗಮನ ಕಡಿಮೆ. ಸಂಭಾಷಣೆಯ ಹಸ್ತಪ್ರತಿಗಳು, ಪಾತ್ರಗಳು ಕುಟುಂಬಗಳಲ್ಲಿ ಕೈದಾಟಿದ ಕ್ರಮ, ಹಾಡುಗಳ ಧಾಟಿ, ವೇಷದ ಬಟ್ಟೆಬರೆ ಇವನ್ನು ಬಲ್ಲ ಹಿರಿಯರು ಊರುಗಳಲ್ಲಿ ಇರುವಾಗಲೇ ದಾಖಲಾಗಬೇಕಾದ ಸಂಗತಿಗಳು.